ವ್ಯವಹಾರದ ನಾಲ್ಕು ಪಾದಗಳು ಮತ್ತು ವಿದ್ಯಾರ್ಥಿಯ ಲೇಖನಿ

ಶಿವಮೊಗ್ಗೆಯ ಗಾಂಧಿ ಬಜಾರಿನಲ್ಲಿ ‘ವ್ಯವಹಾರ’ ಎಂದರೆ ಕೊಡುಕೊಳ್ಳುವಿಕೆ. ಧರ್ಮಶಾಸ್ತ್ರ ಗ್ರಂಥಗಳಲ್ಲಿ ಅದೇ ಪದಕ್ಕೆ ನ್ಯಾಯಸ್ಥಾನದ ಮುಂದೆ ನಡೆಯುವ ವ್ಯಾಜ್ಯವೆಂದು ಅರ್ಥ. ಈ ಎರಡು ಅರ್ಥಗಳು ದೂರದ ನಂಟರಲ್ಲ, ಒಡಹುಟ್ಟಿದವು. ಕೊಡುಕೊಳ್ಳುವಿಕೆ ಇದ್ದಲ್ಲಿ ಮಾತು ತಪ್ಪುವ ಸಂಭವವುಂಟು. ಮಾತು ತಪ್ಪಿದಲ್ಲಿ ವ್ಯಾಜ್ಯವುಂಟು. ವ್ಯಾಜ್ಯವಿದ್ದಲ್ಲಿ ಸತ್ಯವನ್ನು ಕಂಡುಹಿಡಿಯುವ ಕ್ರಮವೊಂದು ಬೇಕಾಗುತ್ತದೆ. ಮಳಿಗೆಯ ಬಾಡಿಗೆ, ತಕ್ಕಡಿಯ ಕಲ್ಲು, ಕೈಗಡದ ಚೀಟಿ, ಅಡಿಕೆ ಮಂಡಿಯ ಲೆಕ್ಕ, ಇವೆಲ್ಲದರ ಹಿಂದೆ ಕಾನೂನು ನಿಂತಿದೆ. ಅದರೊಳಗೆ ದಿನವೂ ಬಾಳುವ ಜನರಿಗೆ ಮಾತ್ರ ಅದರ ಪರಿಚಯ ಅತ್ಯಲ್ಪ. ಕಾನೂನನ್ನು ಕುರಿತ ಸಂಶೋಧನ ಸಾಹಿತ್ಯ ಒಂದು ಕಡೆ, ಅದನ್ನು ಜನರ ಕಿವಿಗೆ ಮುಟ್ಟಿಸಬಲ್ಲ ಪತ್ರಿಕೆ ಇನ್ನೊಂದು ಕಡೆ. ಇವೆರಡರ ನಡುವೆ ಸೇತುವೆಯಾಗಿ ನಿಲ್ಲಬಲ್ಲವನು ವಿದ್ಯಾರ್ಥಿ. ಈ ಸೇತುವೆಯನ್ನು ಹೇಗೆ ಕಟ್ಟಬಹುದೆಂಬುದೇ ಪ್ರಕೃತ ಲೇಖನದ ವಿಷಯ.

ಚತುಷ್ಪಾದ ವ್ಯವಹಾರ

ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕನ್ನಡ ನಾಡಿನವನು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದ ಈ ಮಹಾಪಂಡಿತನು ವ್ಯವಹಾರಕ್ಕೆ ನಾಲ್ಕು ಪಾದಗಳೆಂಬುದನ್ನು ವಿಶದಪಡಿಸಿದ್ದಾನೆ. ಮೊದಲನೆಯದು ಭಾಷಾಪಾದ: ವಾದಿಯು ತನ್ನ ದೂರನ್ನು ಹೇಳುವುದು. ಎರಡನೆಯದು ಉತ್ತರಪಾದ: ಪ್ರತಿವಾದಿಯು ಅದಕ್ಕೆ ಉತ್ತರ ಕೊಡುವುದು. ಮೂರನೆಯದು ಕ್ರಿಯಾಪಾದ: ಪ್ರಮಾಣಗಳನ್ನು ಮುಂದಿಡುವುದು. ನಾಲ್ಕನೆಯದು ಸಾಧ್ಯಸಿದ್ಧಿಪಾದ: ನಿರ್ಣಯ. ಈ ಕ್ರಮದಲ್ಲಿ ಒಂದು ಪಾದ ತಪ್ಪಿದರೂ ವ್ಯವಹಾರ ಕುಂಟುತ್ತದೆ.

ದೂರನ್ನು ಬರೆದುಕೊಳ್ಳುವ ರೀತಿಯ ಬಗೆಗೂ ಪ್ರಾಚೀನರು ಸೂಕ್ಷ್ಮವಾಗಿ ಚಿಂತಿಸಿದ್ದರು. ವಾದಿಯ ಮಾತನ್ನು ಮೊದಲು ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು, ತಿದ್ದಿ, ಶುದ್ಧವಾದ ಮೇಲೆಯೇ ಓಲೆಗೆ ಏರಿಸಬೇಕೆಂಬುದು ಕಾತ್ಯಾಯನನ ಮತ. ಪ್ರತಿವಾದಿಯ ಉತ್ತರ ಬರುವವರೆಗೆ ತಿದ್ದುಪಡಿಗೆ ಅವಕಾಶ. ಉತ್ತರ ಬಂದ ಮೇಲೆ ಇಲ್ಲ. ಉತ್ತರದಲ್ಲಿಯೂ ನಾಲ್ಕು ಬಗೆ. ಆರೋಪವನ್ನು ಒಪ್ಪಿಕೊಳ್ಳುವುದು ಸತ್ಯೋತ್ತರ, ಅಲ್ಲಗಳೆಯುವುದು ಮಿಥ್ಯೋತ್ತರ, ಸಂಗತಿಯನ್ನು ಒಪ್ಪಿ ಅದಕ್ಕೆ ಬೇರೆ ಕಾರಣ ಕೊಡುವುದು ಪ್ರತ್ಯವಸ್ಕಂದನ, ಇದೇ ವ್ಯಾಜ್ಯ ಹಿಂದೆಯೇ ತೀರ್ಮಾನವಾಗಿದೆ ಎನ್ನುವುದು ಪ್ರಾಙ್ನ್ಯಾಯ. ‘ಸಾಲ ತೆಗೆದುಕೊಂಡದ್ದು ನಿಜ, ಆದರೆ ತೀರಿಸಿದ್ದೇನೆ’ ಎನ್ನುವವನದು ಮೂರನೆಯ ಬಗೆಯ ಉತ್ತರ. ಪ್ರಮಾಣಗಳಲ್ಲಿ ಮನುಷ್ಯಸಾಧ್ಯವಾದವು ಮೂರು: ಲಿಖಿತ, ಭುಕ್ತಿ ಮತ್ತು ಸಾಕ್ಷಿ, ಎಂದರೆ ಬರಹ, ಅನುಭೋಗ ಮತ್ತು ಕಂಡವರ ಮಾತು.

ಇವೆಲ್ಲ ಹಳೆಯ ಸಂಗತಿಗಳೆಂದು ಬದಿಗಿಡಬೇಕಾಗಿಲ್ಲ. ಒಳ್ಳೆಯ ಪತ್ರಿಕಾ ಬರಹಕ್ಕೂ ಇವೇ ನಾಲ್ಕು ಪಾದಗಳು. ದೂರು ಏನು, ದೂರಿಗೆ ಗುರಿಯಾದವರು ಹೇಳುವುದೇನು, ಎರಡಕ್ಕೂ ಇರುವ ಆಧಾರವೇನು ಎಂಬ ಮೂರನ್ನು ಕೇಳದೆ ನಾಲ್ಕನೆಯದಕ್ಕೆ ಹಾರುವ ಬರಹ ವರದಿಯಲ್ಲ, ಬರಿಯ ಗುಲ್ಲು. ಹಲಗೆಯ ಮೇಲೆ ತಿದ್ದಿ ಓಲೆಗೆ ಏರಿಸಬೇಕೆಂಬ ವಿಧಿಯಾದರೋ ಸಂಪಾದಕನ ಮೇಜಿನ ಮೇಲೆ ಕೆತ್ತಿಡಬೇಕಾದದ್ದು.

ವ್ಯಾಖ್ಯಾನದಿಂದ ನ್ಯಾಯಪತ್ರಿಕೆಗೆ

ಮಿತಾಕ್ಷರೆ ಸ್ವತಃ ಸಂಶೋಧನ ಸಾಹಿತ್ಯದ ಒಂದು ಮಾದರಿ. ವಿಜ್ಞಾನೇಶ್ವರನು ಸ್ಮೃತಿವಾಕ್ಯಗಳನ್ನು ಒಂದೆಡೆ ತಂದು, ಪರಸ್ಪರ ವಿರೋಧವಿದ್ದಲ್ಲಿ ಪೂರ್ವಪಕ್ಷವನ್ನು ಮೊದಲು ನಿರೂಪಿಸಿ, ಆಮೇಲೆ ಸಿದ್ಧಾಂತವನ್ನು ಸ್ಥಾಪಿಸುತ್ತಾನೆ. ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಅವನ ಸಿದ್ಧಾಂತ. ವಂಗದೇಶದ ಜೀಮೂತವಾಹನನ ‘ದಾಯಭಾಗ’ದ ಮತ ಇದಕ್ಕೆ ಭಿನ್ನ. ಕೋಲ್‌ಬ್ರೂಕ್ 1810ರಲ್ಲಿ ಈ ಎರಡು ಗ್ರಂಥಗಳ ದಾಯಪ್ರಕರಣವನ್ನು ಇಂಗ್ಲಿಷಿಗೆ ಅನುವಾದಿಸಿದ ಮೇಲೆ ಬ್ರಿಟಿಷರ ನ್ಯಾಯಾಲಯಗಳೂ ಇವುಗಳನ್ನೇ ಆಧರಿಸಿದವು. 1956ರ ಹಿಂದೂ ಉತ್ತರಾಧಿಕಾರ ಕಾನೂನು ಕೂಡ ಮಿತಾಕ್ಷರ ಪದ್ಧತಿಯ ಅವಿಭಕ್ತ ಕುಟುಂಬವನ್ನು ಪೂರ್ತಿ ಅಳಿಸಲಿಲ್ಲ. ಆ ಕುಟುಂಬದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನ ಹಕ್ಕನ್ನು ಕರ್ನಾಟಕವು 1994ರಲ್ಲಿಯೂ ಕೇಂದ್ರ ಸರ್ಕಾರವು 2005ರಲ್ಲಿಯೂ ತಿದ್ದುಪಡಿಗಳ ಮೂಲಕ ನೀಡಿದವು. ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಈ ಹಕ್ಕನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಕಲ್ಯಾಣದಲ್ಲಿ ಆರಂಭವಾದ ಚರ್ಚೆ ಹೀಗೆ ಇಂದಿಗೂ ಮುಂದುವರಿದಿದೆ.

ಇಂಥ ಅಧ್ಯಯನದ ಪರಂಪರೆ ಶಿವಮೊಗ್ಗ ಜಿಲ್ಲೆಗೆ ಹೊಸದಲ್ಲ. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು ಅಲ್ಲಿ ವೇದ, ವ್ಯಾಕರಣ, ದರ್ಶನ, ಪುರಾಣ, ಕಾವ್ಯಗಳ ಜೊತೆಗೆ ಧರ್ಮಶಾಸ್ತ್ರದ ವ್ಯಾಖ್ಯಾನವೂ ನಡೆಯುತ್ತಿತ್ತೆಂದು ತಿಳಿಸುತ್ತದೆ. ಅದೇ ಮಠ ಹಸಿದವರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ನೀಡುವ ಸ್ಥಾನವಾಗಿತ್ತು. ಶಾಸ್ತ್ರಾಧ್ಯಯನ ಮತ್ತು ಜನೋಪಕಾರ ಒಂದೇ ಸೂರಿನಡಿ ಇದ್ದವೆಂಬುದು ಗಮನಾರ್ಹ. ನಾಡಿನ ದಾನಶಾಸನಗಳನ್ನೂ ಕಾನೂನು ಬರಹದ ಮಾದರಿಗಳಾಗಿಯೇ ಓದಬಹುದು. ಭೂಮಿಯನ್ನು ದತ್ತಿ ಬಿಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಎಂಟು ಭೋಗಗಳನ್ನು ಎಣಿಸಿ, ನಾಲ್ಕು ದಿಕ್ಕಿನ ಎಲ್ಲೆಗಳನ್ನು ಗುರುತಿಸುತ್ತಿದ್ದುದು ಮುಂದೆ ತಕರಾರಿಗೆ ಎಡೆಯಿರಬಾರದೆಂಬ ಎಚ್ಚರದಿಂದ.

ಆಧುನಿಕ ಕಾಲದಲ್ಲಿ ಈ ಕಾರ್ಯವನ್ನು ನ್ಯಾಯಪತ್ರಿಕೆಗಳು ವಹಿಸಿಕೊಂಡವು. ಅವುಗಳ ಇತಿಹಾಸದಲ್ಲಿ ವಿದ್ಯಾರ್ಥಿಗಳಿಗೆ ದೊರೆತ ಸ್ಥಾನ ಆಶ್ಚರ್ಯಕರವಾದುದು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1887ರಲ್ಲಿ ಆರಂಭವಾದ ‘ಹಾರ್ವರ್ಡ್ ಲಾ ರಿವ್ಯೂ’ ಪತ್ರಿಕೆಯ ಸಂಪಾದಕರು ವಿದ್ಯಾರ್ಥಿಗಳೇ. ನುರಿತ ಪ್ರಾಧ್ಯಾಪಕರ ಲೇಖನವನ್ನು ಇಪ್ಪತ್ತರ ಹರೆಯದ ತರುಣರು ಪರೀಕ್ಷಿಸುತ್ತಾರೆ. ಉಲ್ಲೇಖಿಸಿದ ತೀರ್ಪು ನಿಜವಾಗಿ ಹಾಗೆ ಹೇಳಿದೆಯೇ ಎಂದು ಮೂಲವನ್ನು ತೆರೆದು ನೋಡುತ್ತಾರೆ. ಬೇರೆ ಶಾಸ್ತ್ರಗಳಲ್ಲಿ ಅಪರೂಪವಾದ ಈ ಪದ್ಧತಿ ಕಾನೂನಿನಲ್ಲಿ ನೆಲೆಯೂರಿತು. ಮೂಲವನ್ನು ನೋಡದೆ ಮಾತನಾಡಬಾರದೆಂಬ ಶಿಸ್ತನ್ನು ಕಲಿಸಲು ಇದಕ್ಕಿಂತ ಉತ್ತಮವಾದ ಪಾಠ ಬೇರೊಂದಿಲ್ಲ. ಭಾರತದಲ್ಲಿ ಕಾನೂನು ಸಂಶೋಧನೆಗೆಂದೇ 1956ರಲ್ಲಿ ದೆಹಲಿಯಲ್ಲಿ ಭಾರತೀಯ ಕಾನೂನು ಸಂಸ್ಥೆ ಹುಟ್ಟಿತು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು 1986ರ ಕರ್ನಾಟಕದ ಕಾಯಿದೆಯಂತೆ ಸ್ಥಾಪನೆಗೊಂಡು, ಡಾ. ಎನ್. ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ ಐದು ವರ್ಷಗಳ ವ್ಯಾಸಂಗಕ್ರಮವನ್ನು ಆರಂಭಿಸಿದಾಗ, ವಿದ್ಯಾರ್ಥಿಗಳೇ ಸಂಪಾದಿಸುವ ನ್ಯಾಯಪತ್ರಿಕೆ ಈ ನಾಡಿನಲ್ಲಿಯೂ ಬೇರುಬಿಟ್ಟಿತು.

ಯುದ್ಧಾನಂತರದ ಕಾಲೇಜು

ಎರಡನೆಯ ಮಹಾಯುದ್ಧ ಮುಗಿದ ಕಾಲದಲ್ಲಿ ಹಳೆಯ ಮೈಸೂರು ಸಂಸ್ಥಾನದೊಳಗೆ ಕಾನೂನು ಕಾಲೇಜು ಇರಲಿಲ್ಲ. ವಕೀಲರಾಗಬಯಸುವವರು ಮದರಾಸು, ಮುಂಬಯಿ, ಪುಣೆಗಳಿಗೆ ಹೋಗಬೇಕಿತ್ತು. ಗಡಿಯಾಚೆ ಬೆಳಗಾವಿಯಲ್ಲಿ ಕರ್ನಾಟಕ ಲಾ ಸೊಸೈಟಿಯು 1939ರಲ್ಲಿ ತೆರೆದ ಕಾಲೇಜು, ಮುಂದೆ ರಾಜಾ ಲಖಮಗೌಡರ ಹೆಸರನ್ನು ಪಡೆದುದು, ಅನೇಕರಿಗೆ ಆಶ್ರಯವಾಯಿತು. ಬೆಂಗಳೂರಿನ ಸರ್ಕಾರಿ ಕಾನೂನು ಕಾಲೇಜು ಆರಂಭವಾದದ್ದು 1948ರಲ್ಲಿ.

ಶಿವಮೊಗ್ಗೆಯಲ್ಲಿ 1940ರಲ್ಲಿ ಇಂಟರ್‌ಮೀಡಿಯೆಟ್ ಕಾಲೇಜು ಹುಟ್ಟಿ, ಅದೇ ಮುಂದೆ ಸಹ್ಯಾದ್ರಿ ಕಾಲೇಜೆಂದು ಪ್ರಸಿದ್ಧವಾಯಿತು. 1930ರಲ್ಲಿ ಸ್ಥಾಪಿತವಾದ ಕರ್ನಾಟಕ ಸಂಘವು ಆ ವೇಳೆಗೆ ಊರಿನ ಸಾಹಿತ್ಯಾಸಕ್ತರನ್ನು ಒಂದುಗೂಡಿಸಿತ್ತು. ಮಲೆನಾಡಿನ ಹಳ್ಳಿಗಳಿಂದ ಬಂದ ತರುಣರು ಈ ವಾತಾವರಣದಲ್ಲಿ ಓದಿದರು, ವಾದಿಸಿದರು, ಬರೆದರು. ಕಾಲೇಜಿನಿಂದ ಪತ್ರಿಕೆ ಹುಟ್ಟಬಲ್ಲದೆಂಬುದಕ್ಕೆ ಅವರ ಮುಂದೆ ಉನ್ನತವಾದ ಆದರ್ಶವೂ ಇತ್ತು: ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲಿ ಹೊರಡಿಸಿದ ‘ಪ್ರಬುದ್ಧ ಕರ್ನಾಟಕ’. ಮುದ್ರಣಕ್ಕೆ ಹಣವಿಲ್ಲದಲ್ಲಿ ಕೈಬರಹದ ಪತ್ರಿಕೆಯುಂಟು. ಒಂದೇ ಪ್ರತಿ, ದುಂಡಕ್ಷರದ ಗೆಳೆಯನೇ ಮುದ್ರಕ, ಕೈಯಿಂದ ಕೈಗೆ ದಾಟುವುದೇ ಪ್ರಸಾರ. ತೀರ್ಥಹಳ್ಳಿಯ ಕಡೆಯಿಂದ ಬಂದ ಯು. ಆರ್. ಅನಂತಮೂರ್ತಿಯವರು ಎಳೆಯ ವಯಸ್ಸಿನಲ್ಲಿಯೇ ಇಂಥ ಪತ್ರಿಕೆಯನ್ನು ನಡೆಸಿದವರು. ಕೊನಗವಳ್ಳಿಯ ಪಿ. ಲಂಕೇಶರು ಸಹ್ಯಾದ್ರಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು, ಮುಂದೆ 1980ರಲ್ಲಿ ತಮ್ಮದೇ ವಾರಪತ್ರಿಕೆಯನ್ನು ಆರಂಭಿಸಿದರು.

ಈ ತಲೆಮಾರಿನ ಕಣ್ಣು ತೆರೆಸಿದ್ದು ಪಠ್ಯಪುಸ್ತಕವೊಂದೇ ಅಲ್ಲ. 1942ರ ಈಸೂರಿನ ಘಟನೆ, 1943ರ ಮಾರ್ಚಿಯಲ್ಲಿ ಆ ಹಳ್ಳಿಯ ಐವರು ಗಲ್ಲಿಗೇರಿದುದು ಜಿಲ್ಲೆಯ ನೆನಪಿನಲ್ಲಿ ಹಸಿಯಾಗಿತ್ತು. 1951ರ ಏಪ್ರಿಲಿನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಆರಂಭವಾಯಿತು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರವೇ ಅಲ್ಲಿಯ ವಿವಾದಗಳಲ್ಲೊಂದು. ಎಚ್. ಗಣಪತಿಯಪ್ಪನವರು, ಶಾಂತವೇರಿ ಗೋಪಾಲಗೌಡರು ಮುಂದಾಳುಗಳಾದರು; ಡಾ. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಸಮಾಜವಾದಿ ವಿಚಾರಗಳಿಂದ ಪ್ರಭಾವಿತರಾದ ವಿದ್ಯಾರ್ಥಿಗಳು ಹಳ್ಳಿಯ ಕೂಗನ್ನು ಕಾಲೇಜಿನ ಅಂಗಳಕ್ಕೆ ತಂದರು. ಒಂದು ಅಳತೆಯ ಪಾತ್ರೆಯೊಳಗೆ ಎಷ್ಟು ಅನ್ಯಾಯ ಹಿಡಿಯಬಲ್ಲದು ಎಂಬುದನ್ನು ಅವರು ಅರಿತದ್ದು ಹೀಗೆ.

ಇದೇ ಜಿಲ್ಲೆಯಲ್ಲಿ ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಭೂಮಿಯ ಫಲವತ್ತತೆಯನ್ನು ವರ್ಗೀಕರಿಸಿ, ಇಳುವರಿಯನ್ನು ವರ್ಷಗಟ್ಟಲೆ ಪರೀಕ್ಷಿಸಿ, ಉತ್ಪನ್ನದ ಮೂರರಲ್ಲೊಂದು ಪಾಲನ್ನು ಕಂದಾಯವೆಂದು ಗೊತ್ತುಮಾಡಿದ್ದನು. ‘ಶಿವಪ್ಪನಾಯಕನ ಸಿಸ್ತು’ ಎಂಬ ಮಾತು ಇಂದಿಗೂ ಜನರ ಬಾಯಲ್ಲಿದೆ. ಅಳತೆ ನಿಶ್ಚಿತವಾಗಿರಬೇಕು, ಎಲ್ಲರಿಗೂ ತಿಳಿದಿರಬೇಕು ಎಂಬುದೇ ಸಿಸ್ತಿನ ಸಾರ. ಅಳತೆ ಗುಟ್ಟಾದಾಗ ಕಾಗೋಡು ಹುಟ್ಟುತ್ತದೆ.

ಏಳನೆಯ ನಮೂನೆ

ಕಾಗೋಡಿನ ಮರುವರ್ಷವೇ 1952ರ ಮೈಸೂರು ಗೇಣಿ ಶಾಸನ ಬಂತು. ಆ ಕಾಲದ ಭೂಶಾಸನಗಳ ಹಿಂದೆ ಇದೇ ಜಿಲ್ಲೆಯ ವಕೀಲರೂ ಕಂದಾಯ ಮಂತ್ರಿಗಳೂ ಆಗಿದ್ದ ಕಡಿದಾಳ್ ಮಂಜಪ್ಪನವರ ದುಡಿಮೆಯಿತ್ತು. 1961ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಆಡಳಿತದಲ್ಲಿ ಆದ ತಿದ್ದುಪಡಿ 1974ರ ಮಾರ್ಚಿ 1ರಂದು ಜಾರಿಗೆ ಬಂದು, ಗೇಣಿಯ ಜಮೀನುಗಳೆಲ್ಲ ಸರ್ಕಾರದಲ್ಲಿ ನಿಹಿತವಾದವು. ಉಳುವವನು ಅಧಿಭೋಗದ ಹಕ್ಕಿಗಾಗಿ ಏಳನೆಯ ನಮೂನೆಯಲ್ಲಿ ಭೂನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬೇಕು. ಅದರ ಕೊನೆಯ ಗಡುವು 1979ರ ಜೂನ್ 30ಕ್ಕೆ ಮುಗಿಯಿತು. ಮಂಡಳಿಯ ಮುಂದೆ ವಕೀಲರು ಹಾಜರಾಗಕೂಡದೆಂಬ ವಿಧಿಯೂ ಕಾಯಿದೆಯಲ್ಲಿತ್ತು. ಬಡ ಗೇಣಿದಾರನು ವಕೀಲರ ಶುಲ್ಕದ ಭಾರಕ್ಕೂ ವಾದದ ಚಾತುರ್ಯಕ್ಕೂ ಸೋಲಬಾರದೆಂಬುದು ಅದರ ಆಶಯ.

ಆಶಯವೇನೋ ಒಳ್ಳೆಯದು. ಆದರೆ ಅಕ್ಷರ ಬಾರದವನ ಪಾಡೇನು? ಗೇಣಿ ಬಹುಮಟ್ಟಿಗೆ ಬಾಯಿಮಾತಿನದು, ಲಿಖಿತವಿಲ್ಲ. ಪಹಣಿಯಲ್ಲಿ ಹೆಸರು ಬಂದಿದ್ದರೆ ಅದು ಅವನ ಪರವಾದ ಆಧಾರ. ಬಾರದಿದ್ದರೆ ಉಳಿಯುವುದು ಭುಕ್ತಿ ಮತ್ತು ಸಾಕ್ಷಿ. ವಿಜ್ಞಾನೇಶ್ವರನು ಎಣಿಸಿದ ಮೂರು ಪ್ರಮಾಣಗಳೇ ಎಂಟುನೂರು ವರ್ಷಗಳ ಮೇಲೆ ಮಲೆನಾಡಿನ ಗೇಣಿದಾರನ ಅನ್ನವನ್ನು ತೂಗಿದವು. ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿ ಇವುಗಳಲ್ಲಿ ಒಂದು ತಪ್ಪಾದರೂ ವರ್ಷಗಟ್ಟಲೆ ಅಲೆದಾಟ. ಇಂಥ ಸಮಯದಲ್ಲಿ ಕಾನೂನನ್ನು ತಿಳಿಗನ್ನಡದಲ್ಲಿ ವಿವರಿಸುವ ಒಂದು ಪುಟ, ನಮೂನೆಯನ್ನು ಓದಿ ಹೇಳಬಲ್ಲ ಒಬ್ಬ ವಿದ್ಯಾರ್ಥಿ, ಇವುಗಳ ಬೆಲೆಯನ್ನು ಕಟ್ಟಲಾಗದು. ಕಾನೂನು ಸಾಹಿತ್ಯ ಕನ್ನಡದಲ್ಲಿ ಏಕೆ ಬೇಕೆಂಬ ಪ್ರಶ್ನೆಗೆ ಏಳನೆಯ ನಮೂನೆಯೇ ಉತ್ತರ.

ನುಡಿಯ ಪ್ರಶ್ನೆ

1963ರ ರಾಜ್ಯಭಾಷಾ ಕಾಯಿದೆಯಿಂದ ಕನ್ನಡವು ಆಡಳಿತದ ಭಾಷೆಯಾಯಿತು. ಉಚ್ಚ ನ್ಯಾಯಾಲಯದ ಭಾಷೆ ಮಾತ್ರ ಸಂವಿಧಾನದ 348ನೆಯ ವಿಧಿಯಂತೆ ಇಂಗ್ಲಿಷಾಗಿಯೇ ಉಳಿದಿದೆ. ತೀರ್ಪುಗಳನ್ನು ಒಳಗೊಂಡ ವರದಿಗಳೂ ಸಂಶೋಧನ ಗ್ರಂಥಗಳೂ ಹೆಚ್ಚಾಗಿ ಆ ಭಾಷೆಯಲ್ಲಿಯೇ ಇವೆ. ಇದೇ ಜಿಲ್ಲೆಯವರಾದ ನ್ಯಾಯಮೂರ್ತಿ ಎಂ. ರಾಮಾ ಜೋಯಿಸ್ ಅವರು (ನಿಧನ 2021) ಭಾರತದ ಕಾನೂನು ಮತ್ತು ಸಂವಿಧಾನಗಳ ಚರಿತ್ರೆಯನ್ನು 1984ರಲ್ಲಿ ಪ್ರಕಟಿಸಿದಾಗ ಪ್ರಾಚೀನ ಧರ್ಮಶಾಸ್ತ್ರವನ್ನೂ ಆಧುನಿಕ ನ್ಯಾಯಪದ್ಧತಿಯನ್ನೂ ಒಂದೇ ದೃಷ್ಟಿಯಲ್ಲಿ ಕಂಡರು. ಆ ಮಹಾಗ್ರಂಥವೂ ಇಂಗ್ಲಿಷಿನಲ್ಲಿಯೇ ರಚಿತವಾದುದು.

ಕನ್ನಡದಲ್ಲಿ ಬರೆಯುವವರು ಎದುರಿಸುವ ಮೊದಲ ತೊಡಕು ಪರಿಭಾಷೆಯದು. ಅರ್ಜಿ, ದಾವೆ, ಫಿರ್ಯಾದಿ, ವಕೀಲ, ಜಾಮೀನು, ರುಜುವಾತು, ತಕರಾರು, ಕರಾರು ಮುಂತಾದ ಪದಗಳು ಪಾರಸಿ-ಅರಬ್ಬಿ ಮೂಲದವು. ಇವನ್ನು ತೆಗೆದುಹಾಕಿ ಸಂಸ್ಕೃತ ಪದಗಳನ್ನು ಇಡಬೇಕೆಂಬ ಉತ್ಸಾಹ ಕೆಲವರದು. ಜಾಮೀನುದಾರನಿಗೆ ‘ಪ್ರತಿಭೂ’ ಎಂಬ ಶಾಸ್ತ್ರಶುದ್ಧವಾದ ಪದವಿದೆ ನಿಜ. ಆದರೆ ಮಗನನ್ನು ಬಿಡಿಸಿಕೊಳ್ಳಲು ಬಂದ ತಾಯಿಗೆ ತಿಳಿಯುವುದು ಜಾಮೀನು. ಶತಮಾನಗಳ ಕಾಲ ರೈತನ ನಾಲಗೆಯಲ್ಲಿ ಪಳಗಿದ ಪದವು ಯಾವ ಮೂಲದ್ದಾದರೂ ಕನ್ನಡದ್ದೇ. ಶಾಸ್ತ್ರದ ಪದವು ಸೂಕ್ಷ್ಮವಾದ ಅರ್ಥಭೇದವನ್ನು ತೋರಿಸಲು ಬೇಕು. ರೂಢಿಯ ಪದವು ಅರ್ಥವನ್ನು ಮುಟ್ಟಿಸಲು ಬೇಕು. ಇವೆರಡರ ಹದವನ್ನು ಅರಿತವನೇ ಒಳ್ಳೆಯ ಕಾನೂನು ಲೇಖಕ.

ಕಾಗದ ಮತ್ತು ಸ್ವಾತಂತ್ರ್ಯ

ಪತ್ರಿಕೆಗೆ ಬೇಕಾದುದು ಲೇಖನಿಯೊಂದೇ ಅಲ್ಲ, ಕಾಗದವೂ ಬೇಕು. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದ ಕಾರ್ಖಾನೆ ಬಹುಕಾಲ ನಾಡಿಗೆ ಬರೆವ ಕಾಗದವನ್ನೂ, 1980ರ ದಶಕದಿಂದ ಪತ್ರಿಕಾ ಕಾಗದವನ್ನೂ ಒದಗಿಸಿತು. ಈಗ ಅಲ್ಲಿ ಉತ್ಪಾದನೆ ನಿಂತಿದೆ. ಕಾಗದವನ್ನು ಹಿಡಿದಿಟ್ಟರೆ ಮಾತನ್ನೂ ಹಿಡಿದಿಡಬಹುದೆಂಬುದು ಆಳುವವರಿಗೆ ತಿಳಿದ ವಿಷಯ. ಪತ್ರಿಕಾ ಕಾಗದದ ನಿಯಂತ್ರಣದ ಮೂಲಕ ಪುಟಗಳಿಗೆ ಮಿತಿ ಹಾಕುವುದನ್ನು ಸರ್ವೋಚ್ಚ ನ್ಯಾಯಾಲಯ 1972ರಲ್ಲಿ ಒಪ್ಪಲಿಲ್ಲ. ಆಮದು ಕಾಗದದ ಸುಂಕವನ್ನು ಕುರಿತ 1984ರ ತೀರ್ಪನ್ನು ಬರೆದವರು ಕನ್ನಡಿಗರಾದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯನವರು; 1989ರಲ್ಲಿ ಅವರು ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು. ಪತ್ರಿಕೆಗಳಿಗೆ ತೆರಿಗೆ ಹಾಕಬಹುದು, ಆದರೆ ವಾಕ್‌ಸ್ವಾತಂತ್ರ್ಯವನ್ನು ಕುಗ್ಗಿಸುವಷ್ಟು ಭಾರ ಹೊರಿಸಬಾರದು ಎಂಬುದು ಆ ತೀರ್ಪಿನ ತಿರುಳು.

ಶಾಲಾ ಕಾಲೇಜುಗಳ ವಾರ್ಷಿಕ ಸಂಚಿಕೆಗಳ ಸಂಪಾದಕರು ತಿಳಿದಿರಬೇಕಾದ ಇನ್ನೊಂದು ತೀರ್ಪು 1992ರದು. ಗ್ರಾಹಕರ ಹಿತಕ್ಕಾಗಿ ದುಡಿಯುತ್ತಿದ್ದ ಪ್ರಾಧ್ಯಾಪಕ ಮನುಭಾಯಿ ಶಹಾ ಅವರು ಜೀವವಿಮಾ ನಿಗಮದ ಧೋರಣೆಯನ್ನು ಟೀಕಿಸಿ ಅಧ್ಯಯನವೊಂದನ್ನು ಪ್ರಕಟಿಸಿದರು. ಅದಕ್ಕೆ ಬರೆಯಲಾದ ಖಂಡನೆಯನ್ನು ನಿಗಮವು ತನ್ನ ಗೃಹಪತ್ರಿಕೆಯಲ್ಲಿ ಅಚ್ಚುಹಾಕಿ, ಶಹಾ ಅವರ ಪ್ರತ್ಯುತ್ತರಕ್ಕೆ ಎಡೆಗೊಡಲಿಲ್ಲ. ಸಾರ್ವಜನಿಕ ಹಣದಿಂದ ನಡೆಯುವ ಪತ್ರಿಕೆ ಒಂದೇ ಪಕ್ಷವನ್ನು ಮುಂದಿಡುವುದು ನ್ಯಾಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಉತ್ತರಪಾದವಿಲ್ಲದ ವ್ಯವಹಾರ ಕುಂಟೆಂಬ ಪ್ರಾಚೀನರ ಮಾತನ್ನೇ ಇದು ಹೊಸ ಭಾಷೆಯಲ್ಲಿ ಹೇಳಿದಂತಾಯಿತು.

ವಿದ್ಯಾರ್ಥಿ ಲೇಖಕನಿಗೆ ಕ್ರಮ

ಸ್ವಾತಂತ್ರ್ಯಕ್ಕೆ ಹೊಣೆಯೂ ಜೊತೆಗಾರ. ಮಾನಹಾನಿಯ ಕಾನೂನು, ಭಾರತೀಯ ದಂಡಸಂಹಿತೆಯಲ್ಲಿ ಇದ್ದಂತೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಇದೆ. ಹೇಳಿದ್ದು ಸತ್ಯವಾಗಿದ್ದರಷ್ಟೇ ಸಾಲದು, ಅದನ್ನು ಹೇಳುವುದರಿಂದ ಲೋಕಹಿತವೂ ಇರಬೇಕೆಂಬುದು ಅಲ್ಲಿಯ ನಿಯಮ. ಲೈಂಗಿಕ ಅಪರಾಧಕ್ಕೆ ಗುರಿಯಾದವರ ಹೆಸರನ್ನು, ಪ್ರಕರಣದಲ್ಲಿ ಸಿಲುಕಿದ ಬಾಲಕ ಬಾಲಕಿಯರ ಗುರುತನ್ನು ಪ್ರಕಟಿಸಕೂಡದು. ವಿಚಾರಣೆಯಲ್ಲಿರುವ ವ್ಯಾಜ್ಯವನ್ನು ವರದಿ ಮಾಡಬಹುದು. ನ್ಯಾಯಾಧೀಶನ ಪೀಠವನ್ನು ತಾನೇ ಏರಬಾರದು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರೌಢಶಾಲೆಯ ವಿದ್ಯಾರ್ಥಿಯೂ ಕೆಲಸಕ್ಕೆ ತೊಡಗಬಹುದು. ಅವನು ಪೇಟೆಯ ಬೀದಿಗೆ ಹೋಗಿ ತೂಕದ ಕಲ್ಲಿನ ಮೇಲಿನ ಸರ್ಕಾರಿ ಮುದ್ರೆಯನ್ನು ನೋಡಲಿ. 1956ರ ಕಾಯಿದೆಯಿಂದ ಸೇರು, ಕೊಳಗಗಳು ಹೋಗಿ ಕಿಲೋಗ್ರಾಂ, ಲೀಟರುಗಳು ಬಂದ ಬಗೆಯನ್ನು ಹಿರಿಯ ವ್ಯಾಪಾರಿಗಳಿಂದ ಕೇಳಿ ಬರೆದುಕೊಳ್ಳಲಿ. ತನ್ನ ಮನೆಯ ಪಹಣಿಯನ್ನು ಓದಿ, ಪ್ರತಿಯೊಂದು ಕಲಮಿನ ಅರ್ಥವನ್ನು ಗ್ರಾಮದ ಹಿರಿಯರೊಡನೆ ಚರ್ಚಿಸಲಿ. ಬರೆದುದನ್ನು ಮೊದಲು ಹಲಗೆಯ ಮೇಲಿಟ್ಟಂತೆ ಗೆಳೆಯರ ಮುಂದಿಡಲಿ. ಯಾರ ಮೇಲೆ ದೂರಿದೆಯೋ ಅವರನ್ನೂ ಕೇಳಲಿ. ಆಧಾರವನ್ನು ಕಣ್ಣಾರೆ ಕಾಣಲಿ. ಆಮೇಲೆ ಪತ್ರಿಕೆಗೆ ಏರಿಸಲಿ. ಅಧ್ಯಾಪಕರು ತಿದ್ದುವಾಗ ಕಾಗುಣಿತವನ್ನಷ್ಟೇ ಅಲ್ಲ, ಪ್ರಮಾಣವನ್ನೂ ತಿದ್ದಬೇಕು. ದಾನಿಗಳು ಗ್ರಂಥಭಂಡಾರಕ್ಕೆ ಕಾವ್ಯ ಪುರಾಣಗಳ ಜೊತೆಗೆ ಸಂವಿಧಾನದ ಕನ್ನಡ ಪ್ರತಿಯನ್ನೂ ಕಂದಾಯ ಕಾನೂನಿನ ಕೈಪಿಡಿಗಳನ್ನೂ ಒದಗಿಸಿದರೆ ಅದು ಸಾರ್ಥಕವಾದ ದತ್ತಿಯಾಗುತ್ತದೆ.

ಕಾನೂನು ಅರಿತವರ ಗುಟ್ಟಾಗಿ ಉಳಿದರೆ ಅರಿಯದವರಿಗೆ ಅದು ದೊಡ್ಡ ಕೊಳಗದಂತೆ: ಕೊಡುವಾಗಲೆಲ್ಲ ಹೆಚ್ಚು ಅಳೆಯುತ್ತದೆ. ಅದನ್ನು ಬೆಳಕಿಗೆ ತಂದು, ಎಲ್ಲರೂ ನೋಡಿ ಪರೀಕ್ಷಿಸಬಲ್ಲ ಅಳತೆಯಾಗಿ ಮಾಡುವುದು ವಿದ್ಯೆಯ ಕರ್ತವ್ಯ. ಬಳ್ಳಿಗಾವೆಯ ಮಠದಲ್ಲಿ ಶಾಸ್ತ್ರವ್ಯಾಖ್ಯಾನವೂ ಅನ್ನದಾನವೂ ಜೊತೆಗೂಡಿ ನಡೆದಂತೆ, ಇಂದಿನ ವಿದ್ಯಾಲಯಗಳಲ್ಲಿಯೂ ನ್ಯಾಯದ ಅರಿವು ಮತ್ತು ಜನಸೇವೆ ಕೂಡಿ ಬೆಳೆಯಲಿ. ಎಳೆಯರ ಲೇಖನಿ ನಾಲ್ಕು ಪಾದಗಳ ಮೇಲೆ ಸ್ಥಿರವಾಗಿ ನಡೆಯಲಿ.